ಆರ್ಡರ್ ಓದೀಯೇನವಾ?

2022ರ ಆಗಸ್ಟ್ 30, ಮಂಗಳವಾರ. ಮರುದಿನ ಗಣೇಶ ಚೌತಿ. ಸಂಜೆ ಏಳರ ಸುಮಾರಿಗೆ ಧಾರವಾಡದ ನಮ್ಮ ವಕೀಲರ ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಫೈಲುಗಳನ್ನು ಕಪಾಟಿಗೆ ಸೇರಿಸಿ ಹೊರಡುವ ಅವಸರ. ಮನೆಯಲ್ಲಿ ಕಡುಬಿನ ಕೆಲಸ ಹಾಗೇ ಬಿದ್ದಿತ್ತು. ಅಷ್ಟರಲ್ಲಿ ಫೋನಿಗೆ ಒಂದು ಫೋಟೋ ಬಂತು. ಯಾರೋ ಟಿವಿ ಪರದೆಯನ್ನೇ ತೆಗೆದು ಕಳಿಸಿದ್ದರು. ಕೆಳಗೆ ಕೆಂಪು ಪಟ್ಟಿ. ಈದ್ಗಾ ಮೈದಾನದಲ್ಲಿ ಗಣೇಶನನ್ನು ಕೂರಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ ಅನ್ನೋ ಸುದ್ದಿ.

ನಾನು ಅದನ್ನು ನಮ್ಮ ಕಕ್ಷಿದಾರರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ತಾರೀಖು ತಿಳಿಸೋಕೆ ಅಂತ ಮಾಡಿದ ಗ್ರೂಪು ಅದು. ನೂರಕ್ಕೂ ಹೆಚ್ಚು ಜನ ಇದ್ದರು.

ಹುಬ್ಬಳ್ಳಿ-ಧಾರವಾಡದಲ್ಲಿ ಈದ್ಗಾ ಮೈದಾನ ಅಂದರೆ ಎಲ್ಲರ ಕಣ್ಣಿಗೂ ಬರೋದು ಒಂದೇ ಮೈದಾನ, ಚನ್ನಮ್ಮ ಸರ್ಕಲ್ ಹತ್ತಿರದ್ದು. 1994ರ ಆಗಸ್ಟ್ 15ರಂದು ಅಲ್ಲಿ ಧ್ವಜ ಹಾರಿಸುವ ವಿಚಾರಕ್ಕೆ ಊರಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ನಮ್ಮ ಹಿರಿಯರು ಇವತ್ತಿಗೂ ಆ ದಿನದ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಅಂಥ ಊರಿನಲ್ಲಿ, ಹಬ್ಬದ ಹಿಂದಿನ ರಾತ್ರಿ, ವಕೀಲರ ಆಫೀಸಿನಿಂದಲೇ ಈ ಸುದ್ದಿ ಹೋದರೆ ಜನ ನಂಬದೆ ಇರ್ತಾರಾ?

ಹತ್ತು ನಿಮಿಷಕ್ಕೆ ಮೊದಲ ಫೋನ್ ಬಂತು. ಹುಬ್ಬಳ್ಳಿಯ ಹುಡುಗ, ಜಾಗದ ತಕರಾರಿನ ಕೇಸಿನವನು. 'ಯಕ್ಕಾ, ಹಂಗಾರ ನಾಳೆ ಬಂದ್ ಆತೇನ್ರಿ?' ಅಂದ. ದನಿಯಲ್ಲಿ ಸಿಟ್ಟಿತ್ತು. ಅವನದು ಇಡುತ್ತಿದ್ದಂತೆ ಇನ್ನೊಂದು ಫೋನ್. ಹಳೇ ಹುಬ್ಬಳ್ಳಿಯ ಆಟೋ ಓಡಿಸುವವರು. ಅಪಘಾತದ ಪರಿಹಾರದ ಕೇಸು ನಮ್ಮಲ್ಲಿತ್ತು. 'ಅಕ್ಕಾ, ನಾಳೆ ಗಾಡಿ ತೆಗೀಲೋ ಬ್ಯಾಡೋ?' ಅಂತ ಕೇಳಿದರು. ಅವರ ದನಿಯಲ್ಲಿ ಇದ್ದದ್ದು ಹೆದರಿಕೆ.

ಇಬ್ಬರಿಗೂ ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ.

ಮೂರನೇ ಫೋನ್ ನಮ್ಮ ಸಾಹೇಬರದು. 'ಗ್ರೂಪಿಗೆ ಹಾಕೀಯಲ್ಲ, ಆರ್ಡರ್ ಓದೀಯೇನವಾ?' ಅಂದರು. ಇಲ್ರಿ ಸರ್, ಟಿವಿಯಲ್ಲಿ ಬಂದಿತ್ತು ಅಂದೆ. 'ಯಾವ ಊರಿನ ಮೈದಾನ ಅಂತರೆ ನೋಡೀಯೇನು?'

ನೋಡಿರಲಿಲ್ಲ. ಅದು ಬೆಂಗಳೂರಿನ ಚಾಮರಾಜಪೇಟೆಯ ಮೈದಾನ.

ಮೆಸೇಜ್ ಅಳಿಸಿದೆ. ಆದರೆ ಅಳಿಸಿದ್ದು ನಮ್ಮ ಗ್ರೂಪಿನಲ್ಲಿ ಮಾತ್ರ. ಅಷ್ಟರಲ್ಲಿ ಅದು ಬೇರೆ ಎಷ್ಟು ಕಡೆ ಹೋಗಿತ್ತೋ. ರಾತ್ರಿ ಹತ್ತರವರೆಗೆ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಕೆಲವರು ಎತ್ತಲೇ ಇಲ್ಲ.

ಆ ದಿನ ನಿಜವಾಗಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ. ನನಗೆ ಪಾಠ ಆದದ್ದು ಅಲ್ಲೇ.

ಚಾಮರಾಜಪೇಟೆಯ ಜಾಗ ಯಾರದು ಅನ್ನೋದೇ ತಕರಾರು. ಸರ್ಕಾರದ್ದೋ, ವಕ್ಫ್ ಮಂಡಳಿಯದ್ದೋ ಅನ್ನೋದು ತೀರ್ಮಾನ ಆಗಿರಲಿಲ್ಲ. ಅದಕ್ಕೇ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಆ ದಿನ ಹೇಗಿದೆಯೋ ಹಾಗೇ ಇರಲಿ ಅಂತ ಯಥಾಸ್ಥಿತಿ ಆದೇಶ ಕೊಟ್ಟಿತು. ಉಳಿದದ್ದನ್ನು ಹೈಕೋರ್ಟಿನಲ್ಲೇ ಬಗೆಹರಿಸಿಕೊಳ್ಳಿ ಅಂದಿತು.

ಹುಬ್ಬಳ್ಳಿಯ ಕತೆಯೇ ಬೇರೆ. 1921ರಲ್ಲಿ ಆಗಿನ ಪುರಸಭೆ ಆ ಜಾಗವನ್ನು ಅಂಜುಮನ್-ಎ-ಇಸ್ಲಾಂ ಸಂಸ್ಥೆಗೆ 999 ವರ್ಷಕ್ಕೆ ಕೊಟ್ಟಿತ್ತು. ಮುಂದೆ ಅದರ ಮೇಲೆ ದಾವೆ ಬಿತ್ತು. ಕೆಳಗಿನ ಕೋರ್ಟು, ಜಿಲ್ಲಾ ಕೋರ್ಟು, 1992ರಲ್ಲಿ ಹೈಕೋರ್ಟು, ಕೊನೆಗೆ 2010ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ತೀರ್ಮಾನ ಆಯಿತು. ಜಾಗ ಪಾಲಿಕೆಯದು, ವರ್ಷಕ್ಕೆ ಎರಡು ದಿನ, ರಂಜಾನ್ ಮತ್ತು ಬಕ್ರೀದ್‌ಗೆ, ಅಂಜುಮನ್‌ನವರು ನಮಾಜು ಮಾಡಬಹುದು ಅಂತ. ಅದೇ ಆಗಸ್ಟ್ 30ರ ರಾತ್ರಿ ಹೈಕೋರ್ಟಿನ ಏಕಸದಸ್ಯ ಪೀಠ ಹುಬ್ಬಳ್ಳಿಯ ವಿಚಾರ ಕೇಳಿತು. ಇಲ್ಲಿ ಜಾಗ ಯಾರದು ಅನ್ನೋ ತಕರಾರು ಉಳಿದಿಲ್ಲ, ಹಾಗಾಗಿ ಸಂಜೆಯ ಸುಪ್ರೀಂ ಕೋರ್ಟ್ ಆದೇಶ ಇಲ್ಲಿಗೆ ಬರೋದಿಲ್ಲ ಅಂದಿತು. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಗಣೇಶ ಕೂತ.

ಒಂದೇ ದಿನ, ಒಂದೇ ಹೆಸರಿನ ಎರಡು ಮೈದಾನ, ಎರಡು ಆದೇಶ. ಎರಡರಲ್ಲೂ ಕೋರ್ಟು ನೋಡಿದ್ದು ಜಾಗದ ಕಾಗದವನ್ನು. ಹೊರಗೆ ನಾವು ಮಾತಾಡಿದ್ದು ಪೂರಾ ಧರ್ಮದ ಮೇಲೆ. ಒಬ್ಬರು ಗೆದ್ದೆವು ಅಂದರು, ಇನ್ನೊಬ್ಬರು ಮೋಸ ಅಂದರು. ಆ ವಾರ ನಾನು ಕೇಳಿದ ಅಭಿಪ್ರಾಯಗಳಲ್ಲಿ ಒಂದೇ ಒಂದರಲ್ಲೂ 1921 ಅನ್ನೋ ಇಸವಿ ಇರಲಿಲ್ಲ. ಈ ಆದೇಶ ಸರಿಯಿಲ್ಲ ಅಂತ ವಾದ ಮಾಡೋರಿಗೂ ಆ ಇಸವಿ ಬೇಕು, ಸರಿ ಅನ್ನೋರಿಗೂ ಬೇಕು. ಅದಿಲ್ಲದೆ ಇಬ್ಬರೂ ಸುಮ್ನೆ ಗಾಳಿಯಲ್ಲಿ ಮಾತಾಡ್ತಿರ್ತಾರೆ.

ಹಬ್ಬ ಮುಗಿಸಿ ಆಫೀಸಿಗೆ ಹೋದಾಗ ಸಾಹೇಬರು ಬೈಯಲಿಲ್ಲ. ಎರಡೂ ಆದೇಶಗಳನ್ನು ಪ್ರಿಂಟ್ ತೆಗೆಸಿ ನನ್ನ ಮುಂದಿಟ್ಟರು. ಓದೋದನ್ನು ಕಲಿಸಿದರು. ಹನ್ನೊಂದು ವರ್ಷ ಅವರ ಹತ್ತಿರ ಟೈಪ್ ಮಾಡಿದ್ದೆ, ಆದರೆ ಟೈಪ್ ಮಾಡೋದೇ ಬೇರೆ, ಓದೋದೇ ಬೇರೆ. ಮೊದಲು ಮೇಲಿನ ಪುಟ ನೋಡು ಅಂದರು: ಯಾರು ಯಾರ ಮೇಲೆ, ಯಾವ ಕೋರ್ಟು. ಆಮೇಲೆ ಸೀದಾ ಕೊನೇ ಪುಟಕ್ಕೆ ಹೋಗು. ಆದೇಶ ಅಂತ ಇರೋದು ಅಲ್ಲಿ. ಮಧ್ಯದಲ್ಲಿ ಎರಡೂ ಕಡೆಯ ವಕೀಲರ ವಾದವನ್ನು ಬರೆದಿರುತ್ತಾರೆ, ಅದನ್ನೇ ಕತ್ತರಿಸಿ 'ಕೋರ್ಟ್ ಹೀಗಂದಿತು' ಅಂತ ಹಂಚುವವರು ಜಾಸ್ತಿ. ಮುಂದಿನ ಆದೇಶದವರೆಗೆ ಅಂತ ಇದ್ದರೆ ಅದು ಮಧ್ಯಂತರ, ಕೇಸು ಇನ್ನೂ ಬದುಕಿದೆ. ನ್ಯಾಯಮೂರ್ತಿಗಳು ವಿಚಾರಣೆ ನಡುವೆ ವಕೀಲರನ್ನು ಕೇಳಿದ ಪ್ರಶ್ನೆ ಆದೇಶ ಅಲ್ಲ. ಸಹಿ ಬಿದ್ದ ಕಾಗದದಲ್ಲಿ ಇಲ್ಲದ್ದು ಇಲ್ಲ.

ಈ ಕೊನೇ ಮಾತು ಈಗ ಇನ್ನೂ ಮುಖ್ಯ. ನಮ್ಮ ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರ ಬರುತ್ತೆ. ಅದು ಒಳ್ಳೆಯದೇ. ಹಾವೇರಿಯ ರೈತ ಧಾರವಾಡದ ಹತ್ತಿರದ ಬೇಲೂರಿನಲ್ಲಿರೋ ಹೈಕೋರ್ಟ್ ಪೀಠದವರೆಗೆ ಬಸ್ಸಿಗೆ ದುಡ್ಡು ಹಾಕದೆ ತನ್ನ ಕೇಸು ನೋಡಬಹುದು. ಆದರೆ ಗಂಟೆಗಟ್ಟಲೆಯ ವಾದದಲ್ಲಿ ಅರ್ಧ ನಿಮಿಷ ಕತ್ತರಿಸಿ, ಹಿಂದೆ ಸಂಗೀತ ಹಾಕಿ ಬಿಡುವವರೂ ಇದ್ದಾರೆ. ಬಾಗಿಲು ಮುಚ್ಚೋದು ಅದಕ್ಕೆ ಮದ್ದಲ್ಲ ಅಂತಲೇ ನಾನು ಹೇಳ್ತೀನಿ. ನೋಡುವವರು ಪೂರ್ತಿ ನೋಡಬೇಕು, ಆಮೇಲೆ ಆದೇಶದ ಕಾಗದವನ್ನೂ ನೋಡಬೇಕು.

2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟ್ ಕೊಟ್ಟ ಹಿಜಾಬ್ ಮಧ್ಯಂತರ ಆದೇಶ ನೆನಪಿರಬೇಕಲ್ವಾ? ಕಾಲೇಜು ಅಭಿವೃದ್ಧಿ ಸಮಿತಿ ಸಮವಸ್ತ್ರ ಗೊತ್ತು ಮಾಡಿರುವ ಕಡೆ, ವಿದ್ಯಾರ್ಥಿಗಳಿಗೆ, ತರಗತಿಯೊಳಗೆ ಮಾತ್ರ ಹಿಜಾಬ್ ಬೇಡ ಅಂತ ಅದರಲ್ಲಿತ್ತು. ಕೇಸರಿ ಶಾಲನ್ನೂ ಅದೇ ಸಾಲಿನಲ್ಲಿ ಹೇಳಿತ್ತು. ಆದರೂ ಕೆಲವು ಕಡೆ ಟೀಚರ್‌ಗಳನ್ನೂ ಗೇಟಿನಲ್ಲೇ ನಿಲ್ಲಿಸಿದರು. ಗೇಟಿನಲ್ಲಿ ನಿಂತವರು ಯಾರೂ ಆ ಸಾಲು ಓದಿರಲಿಕ್ಕಿಲ್ಲ. ಒಬ್ಬ ಹೆಣ್ಣುಮಗಳಾಗಿ ಅದನ್ನು ನೋಡಿ ನನಗೆ ಬಹಳ ಸಂಕಟ ಆಗಿತ್ತು.

ಕಾನೂನಿನ ಕಲಮುಗಳ ವಿಚಾರವೂ ಹೀಗೇ. ಹಾವೇರಿ ಕಡೆಯ ಒಬ್ಬ ಹುಡುಗ ರಾಜಕಾರಣಿಯೊಬ್ಬರ ಬಗ್ಗೆ ಸ್ಟೇಟಸ್ ಹಾಕಿದ್ದ. '66ಎ ಹಾಕ್ತೀವಿ' ಅಂತ ಊರಿನ ಪುಢಾರಿಗಳು ಹೆದರಿಸಿದ್ದರು. ಅವನ ಅಪ್ಪ ಎರಡು ದಿನ ಊಟ ಬಿಟ್ಟು ನಮ್ಮಲ್ಲಿಗೆ ಬಂದರು. ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಮಾತು ಬರೆದರೆ ಹಾಕುತ್ತಿದ್ದ ಐಟಿ ಕಾಯ್ದೆಯ ಆ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಅಷ್ಟಾದರೂ ಅದರಡಿ ಕೇಸುಗಳು ನಡೀತಿದ್ದವು ಅಂತ 2022ರಲ್ಲಿ ಮತ್ತೆ ಹೇಳಬೇಕಾಯಿತು. ಸಾಹೇಬರು ಇದನ್ನು ಹೇಳಿದಾಗ ಆ ಅಪ್ಪನ ಮುಖಕ್ಕೆ ಜೀವ ಬಂತು. ಆದರೆ ಹುಡುಗನನ್ನು ಬೇರೆಯಾಗಿ ಕೂರಿಸಿ ಇನ್ನೊಂದು ಮಾತೂ ಹೇಳಿದರು. 66ಎ ಇಲ್ಲ ಅಂದರೆ ಏನು ಬೇಕಾದರೂ ಬರೆಯಬಹುದು ಅಂತಲ್ಲ. ಧರ್ಮ, ಜಾತಿಗಳ ನಡುವೆ ದ್ವೇಷ ಹಚ್ಚಿದರೆ ಹಿಂದೆ ಭಾರತೀಯ ದಂಡ ಸಂಹಿತೆಯ 153ಎ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 196 ಆಗಿದೆ. ಮೂರು ವರ್ಷದವರೆಗೆ ಜೈಲು. ಅಧಿಕಾರದಲ್ಲಿ ಇರೋರನ್ನು ಪ್ರಶ್ನೆ ಮಾಡು, ಪಕ್ಕದ ಮನೆಯವರ ದೇವರನ್ನು ಬೈಬೇಡ ಅಂದರು. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿಯಲ್ಲಿ ಒಂದು ಸ್ಟೇಟಸ್ ಕಾರಣಕ್ಕೆ ಪೊಲೀಸ್ ಠಾಣೆಯ ಮೇಲೆ ಕಲ್ಲು ಬಿತ್ತು. ನೂರಕ್ಕೂ ಹೆಚ್ಚು ಜನ ಜೈಲು ಸೇರಿದರು. ಜಾಮೀನಿಗಾಗಿ ಕೋರ್ಟಿನ ಕಟ್ಟೆ ಮೇಲೆ ಬುತ್ತಿ ಹಿಡಿದು ಕೂತಿದ್ದ ತಾಯಂದಿರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಷ್ಟ ಎಲ್ಲಿದೆ ಅಂದರೆ, ಓದಿ ಅಂತ ಹೇಳೋದು ಸುಲಭ. ಓದಬೇಕಾದ ಕಾಗದ ಇಂಗ್ಲಿಷಿನಲ್ಲಿರುತ್ತೆ. ತನ್ನ ಹೊಲದ ಆದೇಶವನ್ನು ತಿಳಿಯೋಕೆ ಒಬ್ಬ ಮನುಷ್ಯ ನನ್ನಂಥ ಗುಮಾಸ್ತೆಯ ಬಾಯಿ ನೋಡಬೇಕು. ಇದು ತಪ್ಪು ಅಂತ ನಾನು ಎಲ್ಲಿ ಬೇಕಾದರೂ ಹೇಳ್ತೀನಿ. 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಒಂದು ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟ ಸುದ್ದಿ ಓದಿದಾಗ ಆಫೀಸಿನಲ್ಲಿ ಎಲ್ಲರಿಗೂ ಚಹಾ ತರಿಸಿದೆ.

ಈಗ ಜನ ಫೋನಿನಲ್ಲೇ ಅನುವಾದ ಮಾಡಿಕೊಳ್ಳುತ್ತಾರೆ. ಉಪಯೋಗ ಇದೆ, ಬೇಡ ಅನ್ನೋದಿಲ್ಲ. ಆದರೆ ರೋಣದ ಕಡೆಯ ಒಬ್ಬ ಕಕ್ಷಿದಾರರು ಒಂದಿನ ಗಾಬರಿಯಿಂದ ಫೋನ್ ಮಾಡಿದರು. ಅವರ ಕೇಸಿನ ಆದೇಶದಲ್ಲಿ 'ಲೀವ್ ಗ್ರಾಂಟೆಡ್' ಅಂತಿತ್ತು. ಮೇಲ್ಮನವಿ ಕೇಳೋಕೆ ಕೋರ್ಟ್ ಒಪ್ಪಿದೆ ಅಂತ ಅರ್ಥ. ಫೋನು ಅದನ್ನು 'ರಜೆ ಮಂಜೂರಾಗಿದೆ' ಮಾಡಿತ್ತು. 'ಯಾರಿಗ್ರಿ ರಜಾ? ನಮ್ಮ ಕೇಸು ನಿಂತ ಹೋತೇನ್ರಿ?' ಅಂತ ಅವರು. ಗೆದ್ದಷ್ಟೇ ಒಳ್ಳೆಯ ಸುದ್ದಿ ಅವರ ನಿದ್ದೆ ಕೆಡಿಸಿತ್ತು. ಅವತ್ತಿನಿಂದ ನಾನು ಮುಖ್ಯವಾದ ಆದೇಶ ಬಂದಾಗಲೆಲ್ಲ ಕೊನೇ ಪುಟದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದು ಕೊಡ್ತೀನಿ. ಸಾಹೇಬರು ಒಮ್ಮೆ ನೋಡಿ ತಿದ್ದುತ್ತಾರೆ.

ಆ ಪೆನ್ಸಿಲ್ ಬರಹಗಳಲ್ಲಿ ನನಗೆ ಬಹಳ ಬೇಕಾದದ್ದು ಮಹದಾಯಿಯದು. ಗೋವಾಕ್ಕೆ ಹರಿಯುವ ಆ ಹೊಳೆಯ ನೀರನ್ನು ನಮ್ಮ ಮಲಪ್ರಭೆಗೆ ತಿರುಗಿಸುವ ತಕರಾರು.

ನವಲಗುಂದ ತಾಲ್ಲೂಕಿನ ಒಬ್ಬ ಅಜ್ಜ ಹೊಲದ ಪಾಲಿನ ಕೇಸಿಗೆ ನಮ್ಮಲ್ಲಿಗೆ ಬರ್ತಾರೆ. 1980ರ ರೈತ ಬಂಡಾಯ ನೋಡಿದವರು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ ನಮ್ಮ ರಾಜ್ಯದ 7.56 ಟಿಎಂಸಿ ನೀರಿನ ಮಧ್ಯಂತರ ಅರ್ಜಿ ತಳ್ಳಿ ಹಾಕಿದಾಗ ಬೀದಿಗಿಳಿದವರು. ಬಂದಾಗಲೆಲ್ಲ ಒಂದೇ ಮಾತು: 'ನಮಗ 13.42 ಟಿಎಂಸಿ ಬಂದೈತವಾ, ಇವ್ರು ಬಿಡವಲ್ರು.' ಪ್ರತಿ ಚುನಾವಣೆಯಲ್ಲೂ ಪ್ರತಿ ಪಕ್ಷದವರೂ ಅವರಿಗೆ ಅದೇ ಅಂಕಿ ಹೇಳಿದ್ದರು.

ಒಂದು ಮಧ್ಯಾಹ್ನ ಸಾಹೇಬರು ಹೈಕೋರ್ಟಿಗೆ ಹೋಗಿದ್ದರು. ನಾನು ಹಾಳೆ ತೆಗೆದು ಅಜ್ಜನ ಪಕ್ಕ ಕೂತೆ. 2018ರ ಆಗಸ್ಟ್ 14ರ ನ್ಯಾಯಮಂಡಳಿ ತೀರ್ಪಿನಲ್ಲಿ ನಮ್ಮ ರಾಜ್ಯಕ್ಕೆ ಒಟ್ಟು 13.42 ನಿಜ. ಅದರಲ್ಲಿ 8.02 ವಿದ್ಯುತ್ತಿಗೆ. ಆ ನೀರು ತಿರುಗಿ ಅದೇ ಹೊಳೆಗೆ ಹೋಗುತ್ತೆ, ನಮ್ಮ ಕಡೆ ಬರೋದಿಲ್ಲ. 1.50 ಆ ಕಣಿವೆಯ ಊರುಗಳಿಗೇ. ಮಲಪ್ರಭೆಗೆ ತಿರುಗಿಸೋಕೆ ಕೊಟ್ಟದ್ದು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ಒಟ್ಟು 3.90. ಅಜ್ಜ ತಾವೇ ಬೆರಳು ಮಡಚಿ ಕೂಡಿಸಿದರು. ಎರಡು ಸಲ ಕೂಡಿಸಿದರು.

'ಅಂದ್ರ ನಾಕೂ ತುಂಬೂದಿಲ್ಲ,' ಅಂದರು. ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. 'ಇಷ್ಟ್ ವರ್ಷ ಇದನ್ನ ಯಾರೂ ಹಿಂಗ ಕುಂತು ಹೇಳ್ಲಿಲ್ಲಲ್ಲವಾ.'

ನನಗೆ ತಪ್ಪು ಮಾಡಿದೆನೇನೋ ಅನಿಸಿತು. ವಯಸ್ಸಾದವರ ಆಸೆಗೆ ಕತ್ತರಿ ಹಾಕಿದ ಹಾಗೆ. ಆದರೆ ಅವರು ಮುಂದೆ ಕೇಳಿದ ಪ್ರಶ್ನೆ ನಾನು ಯಾವ ಟಿವಿ ಚರ್ಚೆಯಲ್ಲೂ ಕೇಳಿಲ್ಲ. 'ಹಂಗಾರ ಈ ನಾಕೂ ತುಂಬದಿದ್ದದ್ದು ಯಾಕ ಬಂದಿಲ್ಲ? ಯಾವ ಆಫೀಸ್ನ್ಯಾಗ ಕುಂತೈತಿ?' 2020ರ ಫೆಬ್ರವರಿಯಲ್ಲಿ ಗೆಜೆಟ್ ಆಗಿದ್ದು, 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿದ್ದು, ಆಮೇಲೂ ಅರಣ್ಯ, ವನ್ಯಜೀವಿ ಅನುಮತಿಗಳಲ್ಲಿ ಸಿಕ್ಕಿಕೊಂಡದ್ದು, ಗೋವಾದವರ ಅರ್ಜಿ ಸುಪ್ರೀಂ ಕೋರ್ಟಿನಲ್ಲಿರೋದು, ಎಲ್ಲವನ್ನೂ ಹಾಳೆಯ ಹಿಂದೆ ಬರೆದೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

ಮುಂದಿನ ತಾರೀಖಿಗೆ ಬಂದಾಗ ಆ ಹಾಳೆ ಮಡಿಕೆಯಲ್ಲೆಲ್ಲ ಹರಿದಿತ್ತು. ಹನುಮಪ್ಪನ ಗುಡಿ ಕಟ್ಟೆ ಮೇಲೆ ಊರವರಿಗೆಲ್ಲ ತೋರಿಸಿದ್ದರಂತೆ. ಹೊಲದ ಕೇಸಿನ ಮಾತು ಎತ್ತುವ ಮೊದಲೇ ಅದನ್ನು ಮೇಜಿನ ಮೇಲೆ ಬಿಡಿಸಿಟ್ಟರು.

'ಹತ್ತು ಝೆರಾಕ್ಸ್ ಮಾಡಿಕೊಡವಾ. ಹಿಂದಿಂದೂ ಬರಲಿ. ಮಂದಿ ಹಿಂದಿಂದ ಜಾಸ್ತಿ ಕೇಳಾಕತ್ತಾರ.'