ಹೆಜ್ಜಾರ್ಲೆಗೆ ಹೆಸರಿಡಲು ಬಿಡದ ಕಂಟ್ರೋಲ್ ವಿ

ಕೊಕ್ಕರೆಬೆಳ್ಳೂರಿನಲ್ಲಿ ತೆಗೆದ ಫೋಟೋಗಳಿಗೆ ನಾನು ಕನ್ನಡದಲ್ಲೇ ಹೆಸರಿಡುತ್ತೇನೆ. ಮದ್ದೂರು ತಾಲ್ಲೂಕಿನ ಈ ಊರಿನ ಹಕ್ಕಿಗೆ ಇಂಗ್ಲಿಷ್ ಹೆಸರು ಯಾಕೆ, ಅಲ್ವಾ? ‘ಕೊಕ್ಕರೆಬೆಳ್ಳೂರು ಹೆಜ್ಜಾರ್ಲೆ ಹುಣಸೆಮರ’ ಅಂತಿದ್ದರೆ ಆಮೇಲೆ ಹುಡುಕುವುದೂ ಸುಲಭ (ಹೆಜ್ಜಾರ್ಲೆ ಅಂದರೆ ಪೆಲಿಕನ್ ಹಕ್ಕಿ). ಊರಿನ ಹೆಸರು ಎಲ್ಲ ಫೈಲಿಗೂ ಒಂದೇ. ಅದನ್ನು ಕಾಪಿ ಮಾಡಿಟ್ಟುಕೊಂಡು, ಹೆಸರು ಬದಲಿಸುವ ಎಫ್2 ಕೀ ಒತ್ತಿ, ಪೇಸ್ಟ್ ಮಾಡಿ, ಮುಂದೆ ಹಕ್ಕಿಯ ಹೆಸರು ಬರೆದು ಎಂಟರ್ ಒತ್ತಿದರೆ ಮುಗಿಯಿತು.

ಮುಗಿಯಬೇಕಿತ್ತು. ಮಂಡ್ಯದ ನಮ್ಮ ಮನೆಯಲ್ಲಿರುವ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎಫ್2 ಒತ್ತಿದರೆ ಹೆಸರಿನ ಪೆಟ್ಟಿಗೆ ತೆರೆಯುತ್ತದೆ. ಕನ್ನಡವೂ ಚೆನ್ನಾಗಿ ಮೂಡುತ್ತದೆ. ಆದರೆ ಕಂಟ್ರೋಲ್ ವಿ ಒತ್ತಿದರೆ ಏನೂ ಆಗುವುದಿಲ್ಲ. ಇಂಗ್ಲಿಷ್‌ಗೆ ಬದಲಿಸಿ ಒತ್ತಿದರೆ ತಕ್ಷಣ ಪೇಸ್ಟ್ ಆಗುತ್ತದೆ. ಮತ್ತೆ ಕನ್ನಡಕ್ಕೆ ಬಂದರೆ ಮತ್ತೆ ಮೌನವ್ರತ.

ನಾನು ಬಳಸುವುದು ಇನ್‌ಸ್ಕ್ರಿಪ್ಟ್ ಅನ್ನುವ ಕನ್ನಡ ಕೀಬೋರ್ಡ್ ವಿನ್ಯಾಸ. ಅದರಲ್ಲಿ ವಿ ಕೀ ಅಂದರೆ ‘ನ’, ಸಿ ಅಂದರೆ ‘ಮ’. ಫೋಲ್ಡರ್ ತೆರೆದು ಫೈಲ್ ತೋರಿಸುವ ಈ ಪ್ರೋಗ್ರಾಂ, ಅಂದರೆ ಫೈಲ್ ಮ್ಯಾನೇಜರ್, ನಾನು ಯಾವ ಕೀ ಒತ್ತಿದೆ ಅಂತ ನೋಡುವುದಿಲ್ಲ, ಆ ಕೀಯಿಂದ ಯಾವ ಅಕ್ಷರ ಬಂತು ಅಂತ ನೋಡುತ್ತದೆ. ಅದರ ಲೆಕ್ಕದಲ್ಲಿ ನಾನು ಒತ್ತಿದ್ದು ‘ಕಂಟ್ರೋಲ್ ನ’. ಅಂಥ ಶಾರ್ಟ್‌ಕಟ್ ಅದರ ಪಟ್ಟಿಯಲ್ಲೇ ಇಲ್ಲ. ಎಫ್2, ಎಂಟರ್, ಎಸ್ಕೇಪ್ ಕೀಗಳಿಗೆ ಭಾಷೆಯ ಹಂಗಿಲ್ಲ, ಹಾಗಾಗಿ ಅವು ಆರಾಮ. ರಷ್ಯನ್, ಗ್ರೀಕ್ ಬರೆಯುವವರಿಗೂ ಇದೇ ಕಾಟ ಇದೆ. ಅದೇ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಮಾತ್ರ ಕನ್ನಡ ಇಟ್ಟುಕೊಂಡೇ ಪೇಸ್ಟ್ ಮಾಡಬಹುದು. ಅಂದರೆ ಮಾಡಿದರೆ ಆಗುವ ಕೆಲಸವೇ. ‘ಸುಮ್ನೆ ಇಂಗ್ಲಿಷಲ್ಲಿ ಹೆಸರಿಡಿ’ ಅನ್ನುವ ಸಲಹೆ ನನಗೆ ಬೇಡ.

ಎಲ್ಲ ಫೈಲಿಗೂ ಒಟ್ಟಿಗೆ ಹೆಸರು ಬದಲಿಸುವ ಸೌಲಭ್ಯವೂ ಇದೆ. ಆದರೆ ಒಂದು ಫೋಟೋದಲ್ಲಿ ಹೆಜ್ಜಾರ್ಲೆ, ಇನ್ನೊಂದರಲ್ಲಿ ಬಣ್ಣದ ಕೊಕ್ಕರೆ. ಅದನ್ನು ಕಣ್ಣಾರೆ ನೋಡಿಯೇ ಬರೆಯಬೇಕು.

ಕೊನೆಗೆ ಕೈಹಿಡಿದದ್ದು ಹಳೇ ಕಾಲದ ಶಾರ್ಟ್‌ಕಟ್. ಕಾಪಿಗೆ ಕಂಟ್ರೋಲ್ ಇನ್ಸರ್ಟ್, ಪೇಸ್ಟ್‌ಗೆ ಶಿಫ್ಟ್ ಇನ್ಸರ್ಟ್. ಇವುಗಳಲ್ಲಿ ಅಕ್ಷರದ ಕೀ ಇಲ್ಲ, ಹಾಗಾಗಿ ಕನ್ನಡದಲ್ಲೂ ನಡೆಯುತ್ತವೆ.

ಆದರೆ ಇಲ್ಲೊಂದು ಅಪಾಯ ಇದೆ, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಇನ್ಸರ್ಟ್ ಮತ್ತು ಡಿಲೀಟ್ ಎರಡೂ ಒಂದೇ ಕೀ ಮೇಲಿವೆ. ಇನ್ಸರ್ಟ್ ಬೇಕಾದರೆ ಎಫ್‌ಎನ್ ಕೂಡ ಹಿಡಿಯಬೇಕು. ಅದನ್ನು ಹಿಡಿಯಲು ಮರೆತರೆ ಪೇಸ್ಟ್ ಮಾಡಲು ಒತ್ತಿದ್ದು ಶಿಫ್ಟ್ ಡಿಲೀಟ್ ಆಗುತ್ತದೆ. ಹೆಸರಿನ ಪೆಟ್ಟಿಗೆ ತೆರೆದಿದ್ದರೆ ಪರವಾಗಿಲ್ಲ, ಅಲ್ಲಿ ಅದರ ಅರ್ಥ ಕಟ್ ಅಷ್ಟೇ. ಪೆಟ್ಟಿಗೆ ಮುಚ್ಚಿ ಫೈಲ್ ಮಾತ್ರ ಆಯ್ಕೆಯಾಗಿದ್ದರೆ? ಕಸದಬುಟ್ಟಿಗೂ ಹೋಗದೆ ಫೈಲೇ ಪೂರ್ತಿ ಅಳಿಸಿಹೋಗುತ್ತದೆ. ನಡುವೆ ‘ಖಚಿತವೇ?’ ಅನ್ನುವ ಒಂದು ಪ್ರಶ್ನೆ ಬರುತ್ತದೆ. ಎಂಟರ್ ಒತ್ತಿ ಒತ್ತಿ ರೂಢಿಯಾದ ಬೆರಳು ಅದನ್ನು ಓದುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಅದಕ್ಕೇ ಹೆಸರಿಡುವ ಕೆಲಸಕ್ಕೆ ಇನ್ಸರ್ಟ್ ಕೀ ಬೇರೆಯಾಗಿರುವ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಕೊಳ್ಳುತ್ತೇನೆ. ಫೋಟೋಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿಗೆ ಹೋದ ಮೇಲೆಯೇ ಮೊದಲ ಎಫ್2.

ಹೆಸರು ತಪ್ಪಾದರೆ ಮಾಡಿದ್ದನ್ನು ರದ್ದು ಮಾಡುವ ಕಂಟ್ರೋಲ್ ಝಡ್ ಇದೆಯಲ್ಲ ಅನ್ನಬೇಡಿ. ಇನ್‌ಸ್ಕ್ರಿಪ್ಟ್‌ನಲ್ಲಿ ಝಡ್ ಅಂದರೆ ಎತ್ವ. ಅದೂ ನಡೆಯುವುದಿಲ್ಲ.