ಮೇಲಿಂದ ನೋಡಿದ್ರೆ ನಮ್ಮ ಹೊಯ್ಗೆ ದಿಬ್ಬ ಬೆಳೀತಾ ಇದೆ

ನಮ್ಮನೆ ಕುಮಟಾ ಹತ್ರ, ಬೇಲೆಗೆ, ಅಂದ್ರೆ ಸಮುದ್ರದ ದಂಡೆಗೆ, ಹತ್ತು ನಿಮಿಷದ ನಡಿಗೆ, ದಂಡೆಗುಂಟ ಹೊಯ್ಗೆ (ಮರಳು) ದಿಬ್ಬ. ಹೋದ ದೀಪಾವಳಿಗೆ ಊರಿಗೆ ಬಂದಾಗ ಲ್ಯಾಪ್‌ಟಾಪ್ ತೆಗ್ದು ಮಾವಂಗೆ ಒಂದು ಮ್ಯಾಪ್ ತೋರಿಸ್ದೆ, ಸ್ವಲ್ಪ ಜಂಬದಿಂದಾನೇ. 2018ರ ಫೆಬ್ರವರಿದೊಂದು ಸೆಂಟಿನೆಲ್-2 ಸ್ಯಾಟಲೈಟ್ ಚಿತ್ರ, 2023ರ ಅಕ್ಟೋಬರದ್ದೊಂದು, ಎರಡರಲ್ಲೂ ನೀರಿನ ಅಂಚಿಗೆ ಗೆರೆ ಎಳ್ದು ಮಧ್ಯ ಕೆಂಪು ತುಂಬಿದ್ದೆ, ಮೂವತ್ತು ಮೀಟರ್ ಬೇಲೆ ಸಮುದ್ರ ತಿಂದಿದೆ ಅಂತ. ಮಾವ ರಂಪಣಿ ಬಲೆ ಎಳೆದೇ ದೊಡ್ಡಾದವ್ರು. ಕನ್ನಡಕ ಏರಿಸಿ ನೋಡಿ, "ಇದು ಭರತ ಇದ್ದಾಗ ತೆಗ್ದಿದ್ದೋ ಇಳಿತದಾಗೋ ತಮಾ?" ಅಂದ್ರು.

ಭರತ ಅಂದ್ರೆ ನೀರು ಏರಿದ ಹೊತ್ತು. ನಾನು ಅದನ್ನ ನೋಡೇ ಇರ್ಲಿಲ್ಲ.

ಆ ಸ್ಯಾಟಲೈಟ್ ನಮ್ಮ ತಲೆ ಮೇಲೆ ಬರೋದು ಯಾವಾಗ್ಲೂ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಸಮುದ್ರ ಮಾತ್ರ ದಿನಾ ಬೇರೆ ಬೇರೆ ಹೊತ್ತಿಗೆ ಏರಿ ಇಳೀತದೆ. ಬೇಲೆ ಮೂವತ್ತಕ್ಕೆ ಒಂದರಷ್ಟು ಇಳಿಜಾರಿದ್ರೆ ನೀರು ಒಂದು ಮೀಟರ್ ಇಳಿದ್ರೂ ಸಾಕು, ಅಂಚು ಮೂವತ್ತು ಮೀಟರ್ ಆಚೆ ಹೋಗ್ತದೆ, ಅಂದ್ರೆ ನನ್ನ ಕೆಂಪು ಪಟ್ಟಿ ಪೂರ್ತಿ ಒಂದು ಇಳಿತದ ಲೆಕ್ಕ ಆಗಿದ್ದಿರ್ಬಹುದು. ಅದ್ರ ಮೇಲೆ ಅಕ್ಟೋಬರ್ ಬೇರೆ. "ಮಳೆಗಾಲದಾಗೆ ಕೊರ್ದು ಒಳಗೆ ಒಯ್ದ ಹೊಯ್ಗೆ ಇನ್ನೂ ವಾಪಸ್ ಬಂದಿರೂದಿಲ್ಲ, ಮಾಘದಾಗೆ ನೋಡು" ಅಂದ್ರು ಮಾವ. ಪುಸ್ತಕದಲ್ಲೂ ಇರೋದು ಅದೇ, ಮಳೆಗಾಲದ ತೆರೆ ದಿಬ್ಬದ ಬುಡ ಕಡ್ದು ಮರಳನ್ನ ನೀರೊಳಗೆ ದಿಣ್ಣೆ ಮಾಡಿ ಇಡ್ತದೆ, ಸಮುದ್ರ ತಣ್ಣಗಾದ್ಮೇಲೆ ಸಣ್ಣ ತೆರೆಗಳು ಅದನ್ನ ನಿಧಾನಕ್ಕೆ ತಂದು ಹಾಕ್ತವೆ, ಆಮೇಲೆ ಗಾಳಿ ಅದನ್ನ ಮೇಲಕ್ಕೆ ಹೊತ್ತು ದಿಬ್ಬ ಕಟ್ತದೆ.

ಸರಿ ಅಂತ ನೀರಿನ ಗೆರೆ ಬಿಟ್ಟು ಹಸಿರಿನ ಗೆರೆ ಹಿಡ್ದೆ. ಪ್ರತಿ ವರ್ಷ ಫೆಬ್ರವರಿ ಚಿತ್ರ ಮಾತ್ರ, ಎನ್‌ಡಿವಿಐ ಲೆಕ್ಕ, ಅಂದ್ರೆ ಹಸಿರು ಎಷ್ಟಿದೆ ಅಂತ ಅಳೆಯೋ ಸೂಚ್ಯಂಕ. ಎಲೆ ಕೆಂಪು ಬೆಳಕು ನುಂಗಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ವಾಪಸ್ ಕೊಡ್ತದೆ, ಬರೀ ಹೊಯ್ಗೆ ಎರಡನ್ನೂ ಹೆಚ್ಚುಕಮ್ಮಿ ಒಂದೇ ಥರ ಕೊಡ್ತದೆ, ಹಾಗಾಗಿ ದಿಬ್ಬದ ಮೇಲೆ ಹಬ್ಬೋ ರಾವಣನ ಮೀಸೆ ಹುಲ್ಲು, ಬಂಗಡೆ ಬಳ್ಳಿ ಎಲ್ಲಿ ಶುರುವಾಗ್ತದೆ ಅನ್ನೋದು ಸುಮಾರಾಗಿ ಸಿಗ್ತದೆ. ಸುಮಾರಾಗಿ ಅಂದ್ರೆ ಸುಮಾರೇ, ಒಂದು ಪಿಕ್ಸೆಲ್ ಹತ್ತು ಮೀಟರ್, ನಮ್ಮ ದಿಬ್ಬದ ಅಗಲವೇ ಮೂರು ಪಿಕ್ಸೆಲ್ ದಾಟೂದಿಲ್ಲ. ಹಳೇದು ಬೇಕು ಅಂದ್ರೆ 1984ರಿಂದೀಚೆಗೆ ಲ್ಯಾಂಡ್‌ಸ್ಯಾಟ್‌ದು ಪುಕ್ಕಟೆ ಸಿಗ್ತದೆ, ಆದ್ರೆ ಅದು ಮೂವತ್ತು ಮೀಟರ್, ನಮ್ಮ ದಿಬ್ಬ ಅದ್ರಲ್ಲಿ ಒಂದು ಚುಕ್ಕೆ.

ಈ ಸಲ ಮ್ಯಾಪ್ ಹೇಳಿದ್ದು ಉಲ್ಟಾ. ದಕ್ಷಿಣದ ಕಡೆ ಹೊಯ್ಗೆ ಜಾಸ್ತಿ ಆಗಿದೆ, ಉತ್ತರದ ಕಡೆ ಹಸಿರು ದಟ್ಟ ಆಗಿದೆ, ಎರಡೂ ಖುಷಿ ಸುದ್ದಿನೇ ಅಲ್ವಾ? ಸಂಜೆ ನಡ್ಕೊಂಡು ಹೋಗಿ ನೋಡಿದ್ರೆ ದಕ್ಷಿಣದ ಕಡೆ ಜೆಸಿಬಿ ಬಿಟ್ಟು ದಿಬ್ಬ ತಟ್ಟಿ ಗಾಡಿ ನಿಲ್ಸೋ ಜಾಗ ಮಾಡಿದಾರೆ. ಬಳ್ಳಿ ಹೋಗಿ ಬೆಳ್ಳಗೆ ಹೊಯ್ಗೆ ಕಾಣ್ತಿದೆ, ನನ್ನ ಲೆಕ್ಕದಲ್ಲಿ ಅದೇ "ಹೊಯ್ಗೆ ಜಾಸ್ತಿ". ಮರಳು ದಿಬ್ಬ ಸಿಆರ್‌ಝಡ್-1ಎ ಒಳಗೆ, ಅಂದ್ರೆ ಕರಾವಳಿ ನಿಯಂತ್ರಣದ ಅತಿ ಸೂಕ್ಷ್ಮ ವಲಯದೊಳಗೆ ಬರ್ತದೆ, 2011ರ ಅಧಿಸೂಚನೆಲೂ ಇದೆ 2019ರದ್ರಲ್ಲೂ ಇದೆ, ಜೆಸಿಬಿ ಡ್ರೈವರ್‌ಗೆ ಅದನ್ನ ಯಾರು ಓದಿ ಹೇಳ್ತಾರೆ. ಉತ್ತರದ ಹಸಿರೋ, ಪೂರ್ತಿ ಗಾಳಿಮರ. ಗಾಳಿಮರ ನಮ್ಮದಲ್ಲ, 1860ರ ದಶಕದಲ್ಲಿ ಕಾರವಾರದಲ್ಲೇ ಮೊದ್ಲು ನೆಟ್ಟಿದ್ದು. ಅದ್ರ ಕಡ್ಡಿ ಉದುರಿ ಹಾಸಿಗೆ ಆದಲ್ಲಿ ಬಂಗಡೆ ಬಳ್ಳಿ ಏಳೂದಿಲ್ಲ. ಸ್ಯಾಟಲೈಟಿಗೆ ಎರಡೂ ಹಸಿರೇ.

ಮುಖ್ಯವಾದ್ದು ಎತ್ತರ, ಅದು ಈ ಚಿತ್ರಗಳಲ್ಲಿ ಇಲ್ವೇ ಇಲ್ಲ. ಎರಡಾಳು ಎತ್ತರದ ದಿಬ್ಬಾನೂ ಬೆಳ್ಳಗೆ, ತಟ್ಟಿ ಮಟ್ಟ ಮಾಡಿದ್ದೂ ಬೆಳ್ಳಗೆ. ಮಳೆಗಾಲದಲ್ಲಿ ತೆರೆ ತೋಟಕ್ಕೆ ನುಗ್ಗೋದು ತಡೆಯೋದು ಆ ಎತ್ತರ ತಾನೇ. ಡ್ರೋನ್ ಹಾರಿಸ್ಬಹುದು, ನನ್ನ ಹತ್ರ ಇಲ್ಲ.

ಅದಕ್ಕೆ ಜನವರಿಲಿ ಮಾವನ ತೋಟದ್ದೇ ಮೂರು ಅಡಿಕೆ ದಬ್ಬೆಗೆ ಹತ್ತು ಸೆಂಟಿಮೀಟರಿಗೊಂದು ಪೇಂಟ್ ಗೆರೆ ಹೊಡ್ದು ದಿಬ್ಬದ ಮೇಲೆ ಹುಗಿದು ಬಂದೆ. ಮಾವ ಹುಣ್ಣಿಮೆಗೊಮ್ಮೆ ಹೋಗಿ ಎಷ್ಟು ಗೆರೆ ಕಾಣ್ತದೆ ಅಂತ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸ್ತಾರೆ. ಹೋದ ತಿಂಗಳದ್ರಲ್ಲಿ ಎರಡೇ ದಬ್ಬೆ ಲೆಕ್ಕ ಇತ್ತು, ಮೂರನೇದನ್ನ ಯಾರೋ ಬಲೆ ಒಣಗ್ಸೂಕೆ ಕಿತ್ಕೊಂಡು ಹೋಗಿದಾರಂತೆ.