ದಿವಾರ್ ದ್ವೀಪ: ಸೈಕಲ್ ಹತ್ತುವ ಮುನ್ನ ಸ್ವಲ್ಪ ನಡೆಯಿರಿ

ಹಳೇ ಗೋವಾದ ಚರ್ಚ್‌ಗಳನ್ನು ನೋಡಿ, ವೈಸ್‌ರಾಯ್ ಕಮಾನಿನಡಿ ಹಾದು ಇಳಿದರೆ ಮಾಂಡೋವಿ ಹೊಳೆಯ ದಡ. ಅಲ್ಲಿಂದ ಫೆರಿಯಲ್ಲಿ ಕೆಲವೇ ನಿಮಿಷಕ್ಕೆ ದಿವಾರ್ ಸಿಗುತ್ತದೆ. ಊರಿನವರು ದಿವಾಡಿ ಅಂತಾರೆ. ಇಲ್ಲಿ ಬೀಚ್ ಇಲ್ಲ, ಗದ್ದೆ ಇದೆ. ಅದಕ್ಕೇ ಹೋಗಬೇಕು.

ಕೊಂಕಣ ರೈಲಿನಲ್ಲಿ ಬರುವವರಿಗೆ ಕರ್ಮಲಿ ಸ್ಟೇಷನ್ ಹತ್ತಿರ. ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲಲ್ಲ, ನೋಡಿಕೊಳ್ಳಿ. ಬಸ್ಸಿನವರು ಪಣಜಿಗೆ ಬಂದು ಹಳೇ ಗೋವಾದ ಬಸ್ ಹಿಡಿಯಬಹುದು.

ದ್ವೀಪವನ್ನು ಸುಮ್ನೆ ಒಬ್ಬರೇ ಸುತ್ತಬಹುದು, ದಾರಿ ತಪ್ಪುವಷ್ಟು ದೊಡ್ಡದಲ್ಲ. ಆದರೂ ಗೈಡ್ ಇರಲಿ ಅಂತ ನಾನು ಒತ್ತಿ ಹೇಳುತ್ತೇನೆ, ಅದೂ ಅದೇ ಊರಿನವರು. ಕಾರಣ ಖಾಜನ್ ಗದ್ದೆಗಳು. ನಮ್ಮ ಕುಮಟಾ ಕಡೆಯ ಗಜನಿ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ: ಉಪ್ಪುನೀರನ್ನು ಮಣ್ಣಿನ ಏರಿ ಕಟ್ಟಿ ತಡೆದು, ಮಳೆನೀರಿನಲ್ಲಿ ಭತ್ತ ಬೆಳೆಯುವ ಜಾಗ. ನಮ್ಮಲ್ಲಿ ಕಗ್ಗ ಭತ್ತ ಇದ್ದ ಹಾಗೆ ಅಲ್ಲಿ ಕೊರ್ಗುಟ್, ಉಪ್ಪು ತಡೆಯುವ ತಳಿ.

ನಮ್ಮ ಗೈಡ್ ಏರಿಯ ಮೇಲೆ ನಡೆಸಿಕೊಂಡು ಹೋಗಿ ಒಂದು ಮಾನಸ್ ಪಕ್ಕ ಕೂರಿಸಿದರು. ಮಾನಸ್ ಅಂದರೆ ತೂಬು. ಅದಕ್ಕೆ ಮರದ ಬಾಗಿಲು. ಭರತ, ಅಂದರೆ ಉಬ್ಬರ, ಏರುತ್ತಿತ್ತು. ಹೊಳೆಯ ನೀರು ಬಾಗಿಲನ್ನು ನಿಧಾನಕ್ಕೆ ತಳ್ಳಿತು, ಸಂದಿ ಕಿರಿದಾಯಿತು, ಕೊನೆಗೆ ಬಾಗಿಲು ಗಟ್ಟಿಯಾಗಿ ಕೂತಿತು. ಯಾರೂ ಮುಟ್ಟಲಿಲ್ಲ. ಇಳಿತದಲ್ಲಿ ಒಳಗಿನ ನೀರೇ ಅದನ್ನು ಹೊರಕ್ಕೆ ತಳ್ಳಿ ತೆರೆಯುತ್ತದಂತೆ. ಎಂಥ ಜಾಣತನ ಅಲ್ವಾ! ಇದನ್ನು ನೋಡಲೇಬೇಕು ಅಂದರೆ ಗೈಡ್ ಬುಕ್ ಮಾಡುವಾಗಲೇ ಭರತದ ಹೊತ್ತು ಕೇಳಿ, ಅದಕ್ಕೆ ಸರಿಯಾಗಿ ನಡಿಗೆ ಇಟ್ಟುಕೊಳ್ಳಿ. ಏರಿಯ ಮೇಲೆ ಸೈಕಲ್ ಬೇಡ, ಮಳೆಗಾಲದಲ್ಲಂತೂ ಜಾರುತ್ತದೆ.

ಉಳಿದ ರಸ್ತೆಗೆ ಸೈಕಲ್ಲೇ ಚೆಂದ. ಹೆಚ್ಚಿನದು ಸಮತಟ್ಟು, ಪಿಯೆದಾದ್ ಚರ್ಚಿನ ಗುಡ್ಡ ಮಾತ್ರ ಏರು. ಗೇರ್ ಇರುವ ಸೈಕಲ್ ಕೇಳಿ ಪಡೆಯಿರಿ. ಮೇಲಿನಿಂದ ಹೊಳೆ, ಗದ್ದೆ, ಆಚೆಯ ಹಳೇ ಗೋವಾ ಎಲ್ಲ ಕಾಣುತ್ತದೆ.

ಇನ್ನೊಂದು ಜಾಗ ಬಿಡಬೇಡಿ: ದ್ವೀಪದ ಇನ್ನೊಂದು ತುದಿಯ ನಾರ್ವೆ. ಗೋವಾ ಕದಂಬರ ದೈವ ಸಪ್ತಕೋಟೀಶ್ವರನ ಮೂಲ ಗುಡಿ ಈ ದ್ವೀಪದಲ್ಲೇ ಇತ್ತು. ಪೋರ್ಚುಗೀಸರ ಕಾಲದಲ್ಲಿ ಅದು ನಾಶವಾಗಿ, ದೇವರು ಹೊಳೆ ದಾಟಿ ಬಿಚೋಲಿ ಕಡೆಯ, ಅದೇ ಹೆಸರಿನ ನಾರ್ವೆ ಸೇರಿದ. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದರು. ದ್ವೀಪದ ಆ ತುದಿಯಿಂದಲೂ ಫೆರಿ ಇದೆ, ಸೈಕಲ್ ಸಮೇತ ದಾಟಬಹುದು. ಕನ್ನಡದವರು ಅರ್ಧ ದಿನ ಜಾಸ್ತಿ ಇಟ್ಟುಕೊಂಡಾದರೂ ಹೋಗಿಬನ್ನಿ.

ಹಸಿರು ಬೇಕಿದ್ದರೆ ಆಗಸ್ಟ್, ಸೆಪ್ಟೆಂಬರ್. ತಂಪು ಬೇಕಿದ್ದರೆ ಡಿಸೆಂಬರ್, ಜನವರಿ. ಯಾವಾಗ ಹೋದರೂ ಬೆಳಿಗ್ಗೆ ಬೇಗ ಶುರು ಮಾಡಿ. ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕಿ ಮಲಗುತ್ತವೆ, ನೀರು, ತಿಂಡಿ ಚೀಲದಲ್ಲಿರಲಿ. ಆಗಸ್ಟ್‌ನ ನಾಲ್ಕನೇ ಶನಿವಾರ ಬೊಂದೆರಾಂ, ಬಾವುಟಗಳ ಹಬ್ಬ. ಹಬ್ಬ ನೋಡಲು ಹೋಗಿ, ಆದರೆ ಆ ದಿನ ಸೈಕಲ್ ಬುಕ್ ಮಾಡಬೇಡಿ; ಫೆರಿಯಲ್ಲಿ ನಿಲ್ಲಲೂ ಜಾಗ ಇರಲ್ಲ.